ಐದು ಸ್ಟಾರ್‌ಗೆ ಮತ್ತಿಕೆರೆಯ ಲೆಕ್ಕ

ಏರ್ ಕಂಡಿಷನರ್ ಮೇಲೆ ಅಂಟಿಸಿರುವ ನಕ್ಷತ್ರಗಳ ಚೀಟಿಯ ಹಿಂದೆ ಒಂದು ಊಹೆ ಅಡಗಿದೆ. ಆ ಯಂತ್ರ ವರ್ಷಕ್ಕೆ 1,600 ಗಂಟೆ ಓಡುತ್ತದೆ ಎನ್ನುವ ಊಹೆ ಅದು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಇಡೀ ದೇಶಕ್ಕೆ ಇದೊಂದೇ ಅಂಕಿಯನ್ನು ಹಿಡಿದು ವರ್ಷದ ಯೂನಿಟ್ ಲೆಕ್ಕ ಹಾಕುತ್ತದೆ. ಕಲಬುರಗಿಯ ಗ್ರಾಹಕನಿಗೂ ಅದೇ ಚೀಟಿ, ಬೆಂಗಳೂರಿನ ಮತ್ತಿಕೆರೆಯ ಗ್ರಾಹಕನಿಗೂ ಅದೇ.

ಮತ್ತಿಕೆರೆಯ ಮಹಡಿ ಮನೆಯೊಂದರಲ್ಲಿ ಎ.ಸಿ. ಎಷ್ಟು ಹೊತ್ತು ಓಡೀತು? ಮಾರ್ಚ್ ಕೊನೆಯ ವಾರದಿಂದ ಮೇ ತಿಂಗಳ ನಡುವಿನವರೆಗೆ, ತಾರಸಿ ಕಾದ ರಾತ್ರಿಗಳಲ್ಲಿ ನಾಲ್ಕು ಗಂಟೆ ಅನ್ನಿ. ಒಂದೆರಡು ಮಳೆ ಬಿದ್ದರೆ ಅದೂ ಬೇಡ. ಅರವತ್ತು ರಾತ್ರಿ ಎಂದುಕೊಂಡರೂ 240 ಗಂಟೆ, ಚೀಟಿಯ ಲೆಕ್ಕದ ಆರನೇ ಒಂದು ಪಾಲಿಗಿಂತಲೂ ಕಡಿಮೆ.

ಈಗ ಅಂಗಡಿಯ ಮಾತಿಗೆ ಬರೋಣ. ಒಂದೂವರೆ ಟನ್ನಿನ ಮೂರು ಸ್ಟಾರ್ ಯಂತ್ರಕ್ಕಿಂತ ಐದು ಸ್ಟಾರ್ ಯಂತ್ರಕ್ಕೆ ಎಂಟು ಸಾವಿರ ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ. ಚೀಟಿಗಳ ಪ್ರಕಾರ ಅವೆರಡರ ನಡುವಿನ ಅಂತರ ವರ್ಷಕ್ಕೆ ಸುಮಾರು 200 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 1,200 ರೂಪಾಯಿ ಉಳಿತಾಯ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ವರ್ಷಕ್ಕೆ ನಿಜವಾಗಿಯೂ 1,600 ಗಂಟೆ ಓಡಿಸುವ ಮನೆಗೆ ಆ ಎಂಟು ಸಾವಿರ ಏಳನೇ ವರ್ಷದೊಳಗೆ ವಾಪಸ್ಸಾಗುತ್ತದೆ, ಆಮೇಲಿನದು ಲಾಭ. ಮತ್ತಿಕೆರೆಯಲ್ಲಿ 240 ಗಂಟೆಗೆ ಉಳಿಯುವುದು 30 ಯೂನಿಟ್, 180 ರೂಪಾಯಿ. ಎಂಟು ಸಾವಿರ ತೀರಲು 44 ವರ್ಷ ಬೇಕು. ಅಷ್ಟು ಕಾಲ ಬಾಳುವ ಎ.ಸಿ.ಯನ್ನು ಯಾರೂ ತಯಾರಿಸಿಲ್ಲ. ಅದೇ ಯಂತ್ರ, ಅದೇ ಬೆಲೆ, ಅದೇ ರಾಜ್ಯ. ಒಂದು ಊರಿನಲ್ಲಿ ಜಾಣತನವಾದದ್ದು ಇನ್ನೊಂದು ಊರಿನಲ್ಲಿ ದಂಡ.

ದುಬಾರಿ ತಂತ್ರಜ್ಞಾನಕ್ಕೆ ಕೊಡುವ ಹೆಚ್ಚಿನ ಹಣ ದಕ್ಕುತ್ತದೆಯೇ ಎನ್ನುವ ಪ್ರಶ್ನೆಗೆ ಉತ್ತರ ಯಂತ್ರದೊಳಗೆ ಇರುವುದಿಲ್ಲ, ಅದನ್ನು ಬಳಸುವ ಮನೆಯಲ್ಲಿ ಇರುತ್ತದೆ. ಇದನ್ನು ನಾನು ಪೂರ್ತಿ ನಂಬುತ್ತೇನೆ. ಹಾಗೆ ಲೆಕ್ಕ ಹಾಕುವುದನ್ನು ಕಲಿಯಲು ಮತ್ತಿಕೆರೆಗಿಂತ ಒಳ್ಳೆಯ ಬಡಾವಣೆ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಒಂದು ಮಗ್ಗುಲಿಗೆ ಭಾರತೀಯ ವಿಜ್ಞಾನ ಸಂಸ್ಥೆ, ಆಚೆಗೆ ಜಾಲಹಳ್ಳಿಯ ಬಿಇಎಲ್ ಮತ್ತು ಎಚ್‌ಎಂಟಿ, ನಡುವೆ 1962ರಲ್ಲಿ ಶುರುವಾದ ರಾಮಯ್ಯ ಇಂಜಿನಿಯರಿಂಗ್ ಕಾಲೇಜು. ಜೆ.ಪಿ. ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮಾಡುವ ಹಿರಿಯರಲ್ಲಿ ಲೇತ್ ನಡೆಸಿದವರು, ಕೈಗಡಿಯಾರ ಜೋಡಿಸಿದವರು, ರೇಡಾರಿಗೆ ಬೆಸುಗೆ ಹಾಕಿದವರು ಇದ್ದಾರೆ. ಯಂತ್ರದ ಮುಂದೆ ಬೆರಗಾಗಿ ನಿಲ್ಲುವ ಜನ ಅಲ್ಲ ಇದು. ಆದರೂ ದೀಪಾವಳಿಯ ಎಕ್ಸ್‌ಚೇಂಜ್ ಆಫರ್ ಬಂದಾಗ ಶೋರೂಮಿನ ಹುಡುಗ ‘ಸರ್, ಲೇಟೆಸ್ಟ್ ಮಾಡೆಲ್, ಕರೆಂಟ್ ತುಂಬಾ ಉಳಿಯುತ್ತೆ’ ಎಂದರೆ ‘ಎಷ್ಟು ಗಂಟೆಗೆ ಎಷ್ಟು?’ ಎಂದು ಕೇಳುವವರು ಇಲ್ಲೂ ಕಡಿಮೆ.

ಎ.ಸಿ. ಎಲ್ಲರ ಮನೆಯ ಮಾತಲ್ಲ. ಫ್ಯಾನು ಎಲ್ಲರದು. ಅದರ ಕಥೆ ಇನ್ನೂ ಸ್ವಾರಸ್ಯದ್ದು, ಯಾಕೆಂದರೆ ಅದರಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದು ಸೇರಿಕೊಳ್ಳುತ್ತದೆ.

ಮಾಮೂಲಿ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ. ಈಚೆಗೆ ಎಲ್ಲ ಕಂಪನಿಗಳೂ ಮಾರುತ್ತಿರುವ ಬಿಎಲ್‌ಡಿಸಿ ಫ್ಯಾನ್ ಅಷ್ಟೇ ಗಾಳಿಗೆ 30 ವ್ಯಾಟ್ ಆಸುಪಾಸಿನಲ್ಲಿ ಮುಗಿಸುತ್ತದೆ. ಒಳಗೆ ತಿರುಗುವ ಭಾಗದಲ್ಲಿ ಶಾಶ್ವತ ಅಯಸ್ಕಾಂತ ಇರುವುದರಿಂದ ಕಾಂತಕ್ಷೇತ್ರವನ್ನು ಹುಟ್ಟಿಸಲು ಪ್ರತ್ಯೇಕ ವಿದ್ಯುತ್ ಖರ್ಚಾಗುವುದಿಲ್ಲ. ಮಾಮೂಲಿ ಮೋಟಾರಿನಲ್ಲಿ ಬಿಸಿಯಾಗಿ ಸೋರಿಹೋಗುವ ಪಾಲು ಇಲ್ಲಿ ಉಳಿಯುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ಸ್ಟಾರ್ ಚೀಟಿ ಕಡ್ಡಾಯವಾಯಿತು. ಬೆಲೆಯಲ್ಲಿ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿ ವ್ಯತ್ಯಾಸ.

ವರ್ಷದಲ್ಲಿ ಎಂಟು ತಿಂಗಳು, ದಿನಕ್ಕೆ 12 ಗಂಟೆ ತಿರುಗುವ ನಡುಮನೆಯ ಫ್ಯಾನು ಬದಲಾಯಿಸಿದರೆ 130 ಯೂನಿಟ್ ಉಳಿಯುತ್ತದೆ, ಹೆಚ್ಚುಕಡಿಮೆ 780 ರೂಪಾಯಿ. ಎರಡು ವರ್ಷಕ್ಕೆ ಹೆಚ್ಚಿನ ದುಡ್ಡು ಕೈಸೇರಿತು. ನೆಂಟರು ಬಂದಾಗ ಮಾತ್ರ ತಿರುಗುವ ಕೋಣೆಯ ಫ್ಯಾನು ಆ ಎಂಟು ತಿಂಗಳಲ್ಲಿ ದಿನಕ್ಕೆ ಸರಾಸರಿ ಒಂದು ಗಂಟೆ ಓಡಿದರೆ ವರ್ಷಕ್ಕೆ ಉಳಿಯುವುದು 65 ರೂಪಾಯಿ. ಅಲ್ಲಿ ಹಳೆಯ ಫ್ಯಾನೇ ಇರಲಿ. ಒಂದೇ ಮನೆಯ ಎರಡು ಕೋಣೆಗಳಿಗೆ ಎರಡು ಉತ್ತರ.

ಇನ್ನು ಗೃಹಜ್ಯೋತಿ. 2023ರ ಆಗಸ್ಟ್ ಬಿಲ್ಲಿನಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಒಂದು ಅರ್ಹತಾ ಮಿತಿ ಇದೆ. 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಅದನ್ನು ಗೊತ್ತುಪಡಿಸಲಾಗಿದೆ. ಮಿತಿಯೊಳಗಿದ್ದರೆ ಬಿಲ್ ಸೊನ್ನೆ. ಮಿತಿ ದಾಟಿ 200 ಯೂನಿಟ್ ಒಳಗಿದ್ದರೆ ದಾಟಿದ ಯೂನಿಟ್ಟಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ.

ಇದರಿಂದ ಫ್ಯಾನಿನ ಲೆಕ್ಕ ತಲೆಕೆಳಗಾಗುತ್ತದೆ. ತಿಂಗಳಿಗೆ 90 ಯೂನಿಟ್ ಬಳಸಿ, ಮಿತಿಯೊಳಗೇ ಇದ್ದು, ಸೊನ್ನೆ ಬಿಲ್ ಪಡೆಯುವ ಮನೆಗೆ ಬಿಎಲ್‌ಡಿಸಿ ಫ್ಯಾನಿನಿಂದ ಸ್ವಂತ ಜೇಬಿಗೆ ಉಳಿಯುವುದು ಒಂದು ಪೈಸೆಯೂ ಇಲ್ಲ. ಉಳಿಯುವುದು ಸರ್ಕಾರಕ್ಕೆ, ಅಂದರೆ ನಮ್ಮೆಲ್ಲರ ತೆರಿಗೆಗೆ. ಬೇಸಿಗೆಯಲ್ಲಿ 210 ಯೂನಿಟ್ ಮುಟ್ಟುವ ಮನೆಯ ವಿಷಯವೇ ಬೇರೆ. ಸ್ಥಿರ ಶುಲ್ಕ, ತೆರಿಗೆ ಬದಿಗಿಟ್ಟು ಬರೀ ಯೂನಿಟ್ ಲೆಕ್ಕ ನೋಡಿದರೂ ಆ ತಿಂಗಳು 1,260 ರೂಪಾಯಿ. ದಿನಕ್ಕೆ 12 ಗಂಟೆ ತಿರುಗುವ ಒಂದೇ ಒಂದು ಫ್ಯಾನು ಬದಲಾದರೆ ತಿಂಗಳಿಗೆ 16 ಯೂನಿಟ್ ಇಳಿದು ಬಳಕೆ 194ಕ್ಕೆ ಬರುತ್ತದೆ. ಆ ಮನೆಯ ಮಿತಿ 170 ಎಂದಾದರೆ ಕಟ್ಟಬೇಕಾದ್ದು 24 ಯೂನಿಟ್ಟಿಗೆ, 144 ರೂಪಾಯಿ. ಒಂದೇ ತಿಂಗಳಲ್ಲಿ ಸಾವಿರದ ನೂರಕ್ಕೂ ಹೆಚ್ಚು ಉಳಿತಾಯ. ಫ್ಯಾನಿಗೆ ಕೊಟ್ಟ ಹೆಚ್ಚಿನ ಹಣ ಎರಡನೇ ಬಿಲ್ಲಿಗೇ ತೀರಿತು. ಇಂಥ ಲೆಕ್ಕ ಯಾವ ಕಂಪನಿಯ ಜಾಹೀರಾತಿನಲ್ಲೂ ಇರುವುದಿಲ್ಲ, ಯಾಕೆಂದರೆ ಅದು ಕರ್ನಾಟಕದ್ದು, ಅದರಲ್ಲೂ ನಿಮ್ಮೊಬ್ಬರ ಮನೆಯದು.

ಹಣದಲ್ಲಿ ಹಿಡಿಯಲಾಗದ್ದೂ ಇದೆ. ಮಂಡಿ ನೋವಿನ ತಾಯಿಗೆ ರಾತ್ರಿ ಎದ್ದು ರೆಗ್ಯುಲೇಟರ್ ತಿರುಗಿಸುವ ಕೆಲಸವನ್ನು ರಿಮೋಟ್ ತಪ್ಪಿಸುತ್ತದೆ ಎಂದಾದರೆ ಯೂನಿಟ್ ಲೆಕ್ಕ ಮಡಿಚಿಟ್ಟು ಆ ಫ್ಯಾನು ತರಬೇಕು. ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿಯಲ್ಲಿ 75 ವ್ಯಾಟಿನ ಫ್ಯಾನು ಎಳೆಯುವ ಹೊತ್ತಿನ ಎರಡರಷ್ಟಕ್ಕೂ ಹೆಚ್ಚು ಕಾಲ 30 ವ್ಯಾಟಿನದು ಎಳೆಯುತ್ತದೆ. ತೊಟ್ಟಿಲ ಮಗುವಿರುವ ಮನೆಗೆ ಅದು ದೊಡ್ಡ ಲಾಭ. ಎದುರು ಪಕ್ಷದಲ್ಲೂ ಒಂದು ಮಾತಿದೆ. ಹಳೆಯ ಫ್ಯಾನು ನಿಂತರೆ ಬೀದಿ ಕೊನೆಯ ಎಲೆಕ್ಟ್ರಿಷಿಯನ್ ಕಡಿಮೆ ಬೆಲೆಯ ಕೆಪಾಸಿಟರ್ ಹಾಕಿ ತಿರುಗಿಸುತ್ತಾನೆ. ಹೊಸದರ ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಕಂಪನಿಯ ದಾರಿಯನ್ನೇ ಕಾಯಬೇಕು. ಎರಡು ವರ್ಷದ ವಾರಂಟಿಯ ಫ್ಯಾನಿಗೂ ಐದು ವರ್ಷದ್ದಕ್ಕೂ ಇರುವ ಅಂತರವನ್ನು ನಕ್ಷತ್ರದ ಅಂತರಕ್ಕಿಂತ ಮೊದಲು ನೋಡಬೇಕು.

ಗೀಸರ್ ಬಗ್ಗೆ ಒಂದೇ ಮಾತು. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಅದರ ಸ್ವಿಚ್ಚನ್ನು ಮರೆಯುವ ಮನೆಯಲ್ಲಿ ಫ್ಯಾನು ಬದಲಾಯಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ. ಫ್ರಿಜ್ಜಿಗೆ ಮಾತ್ರ ಹೆಚ್ಚು ನಕ್ಷತ್ರವನ್ನು ಯೋಚಿಸದೆ ಕೊಳ್ಳಬಹುದು. ಅದು ಹಗಲೂ ರಾತ್ರಿ ಓಡುವ ಯಂತ್ರ, ಅದಕ್ಕೆ ಚಳಿಗಾಲದ ರಜೆಯೂ ಇಲ್ಲ. ಒಂದು ಎಚ್ಚರಿಕೆ: ಬಿಇಇ ಕೆಲವು ವರ್ಷಕ್ಕೊಮ್ಮೆ ಅಳತೆಯನ್ನು ಬಿಗಿ ಮಾಡುತ್ತದೆ. ಹೋದ ಸಲದ ಐದು ಸ್ಟಾರ್ ಈ ಸಲ ನಾಲ್ಕಾಗಿರಬಹುದು, ಆದ್ದರಿಂದ ಚೀಟಿಯ ಮೇಲಿನ ವರ್ಷವನ್ನೂ ಯೂನಿಟ್ ಸಂಖ್ಯೆಯನ್ನೂ ಓದಿ.

ಮತ್ತಿಕೆರೆ, ಗೋಕುಲ, ದಿವಾನರಪಾಳ್ಯದ ಕಡೆ ಬಾಡಿಗೆ ಮನೆಗಳು ಬಹಳ. ಅಲ್ಲಿ ಫ್ಯಾನು, ಗೀಸರು ಹಾಕಿಸುವವರು ಮಾಲೀಕರು, ಬಿಲ್ ಕಟ್ಟುವವರು ಬಾಡಿಗೆದಾರರು. ಅಗ್ಗದ್ದನ್ನು ಹಾಕಿಸಿದರೆ ಮಾಲೀಕನಿಗೆ ನಷ್ಟವಿಲ್ಲ, ದುಬಾರಿಯದನ್ನು ಹಾಕಿಸಿದರೆ ಲಾಭವೂ ಇಲ್ಲ. ಬಾಡಿಗೆದಾರ ತಾನೇ ಕೊಂಡರೆ ಹನ್ನೊಂದು ತಿಂಗಳ ಕರಾರು ಮುಗಿದಾಗ ಬಿಚ್ಚಿಕೊಂಡು ಹೋಗಬೇಕು. ಎಷ್ಟೋ ಒಳ್ಳೆಯ ತಂತ್ರಜ್ಞಾನ ಇಂಥ ಮನೆಗಳ ಬಾಗಿಲಲ್ಲೇ ನಿಂತುಬಿಡುತ್ತದೆ. ಬಿಚ್ಚಿ ಒಯ್ಯಲು ಆಗುವುದನ್ನು ಬಾಡಿಗೆದಾರ ಕೊಳ್ಳುವುದು, ಗೋಡೆಗೆ ಸೇರಿದ್ದನ್ನು ಮಾಲೀಕನೊಂದಿಗೆ ಅರ್ಧರ್ಧ ಮಾತಾಡಿಕೊಳ್ಳುವುದು, ಇಷ್ಟೇ ಸದ್ಯಕ್ಕಿರುವ ದಾರಿ.

ಇಷ್ಟು ಹೇಳಿದ ಮೇಲೆ ಒಂದು ಅಪಾಯವನ್ನೂ ಹೇಳಬೇಕು. ಗಂಟೆ, ಯೂನಿಟ್ ಎಂದು ಲೆಕ್ಕ ಹಾಕಿ ‘ಬೇಡ’ ಎಂದು ತೀರ್ಮಾನಿಸಿದವರು ಆ ತೀರ್ಮಾನವನ್ನು ಶಾಶ್ವತ ಮಾಡಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಮತ್ತಿಕೆರೆಯ ಪಕ್ಕದಲ್ಲೇ ದೊಡ್ಡ ಉದಾಹರಣೆ ಇದೆ.

ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅಲ್ಲೇ ಕೈಗಡಿಯಾರದ ಕಾರ್ಖಾನೆ ಎದ್ದಿತು. ಮೊದಲ ಕಂತಿನ ಗಡಿಯಾರಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. ಕೀಲಿ ಕೊಡುವ ‘ಜನತಾ’ ಮದುವೆಯ ಉಡುಗೊರೆಯಾಯಿತು, ಎಸ್‌ಎಸ್‌ಎಲ್‌ಸಿ ಪಾಸಾದವರ ಬಹುಮಾನವಾಯಿತು, ನಿವೃತ್ತಿಯ ದಿನದ ಸನ್ಮಾನವಾಯಿತು. ತುಮಕೂರಿನಲ್ಲಿ, ಶ್ರೀನಗರದಲ್ಲಿ, ನೈನಿತಾಲ್ ಬಳಿಯ ರಾಣಿಬಾಗ್‌ನಲ್ಲಿ ಕಾರ್ಖಾನೆಗಳು ಬಂದವು.

ಆ ಹೊತ್ತಿಗೆ ಜಪಾನಿನಲ್ಲಿ ಬೇರೊಂದು ನಡೆದಿತ್ತು. 1969ರ ಡಿಸೆಂಬರ್ 25ರಂದು ಸೀಕೊ ಕಂಪನಿ ‘ಆಸ್ಟ್ರಾನ್’ ಎಂಬ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಬೆಲೆ 4,50,000 ಯೆನ್, ಆಗ ಒಂದು ಸಣ್ಣ ಕಾರಿನ ಬೆಲೆ. ಜನತಾ ಗಡಿಯಾರದ ಚಕ್ರ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ. ಇಂದಿನ ಕ್ವಾರ್ಟ್ಸ್ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಕೀಲಿ ಗಡಿಯಾರ ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದುಮುಂದಾಗುವ ಕಡೆ ಇದು ತಿಂಗಳಿಗೆ ಅಷ್ಟು ತಪ್ಪಿದರೆ ಹೆಚ್ಚು. ಆದರೂ 1969ರಲ್ಲಿ ಕಾರಿನ ಬೆಲೆ ಕೊಟ್ಟು ಅದನ್ನು ಕೊಳ್ಳುವುದು ಸಾಮಾನ್ಯರಿಗೆ ಅರ್ಥಹೀನ. ‘ಬೇಡ’ ಎಂದವರು ಆ ದಿನಕ್ಕೆ ಸರಿಯಾಗಿಯೇ ಹೇಳಿದ್ದರು.

ಹರಳು ಮತ್ತು ಎಲೆಕ್ಟ್ರಾನಿಕ್ ಚಿಪ್ ಮಾತ್ರ ವರ್ಷವರ್ಷಕ್ಕೂ ಅಗ್ಗವಾಗುತ್ತ ಬಂದವು. ಹತ್ತಾರು ಸಣ್ಣ ಚಕ್ರಗಳನ್ನು ಕೊರೆದು ಕೂರಿಸುವ ಕೆಲಸ ಹಾಗೆ ಅಗ್ಗವಾಗುವಂಥದ್ದಲ್ಲ. 1970ರಲ್ಲಿ ಸುಮಾರು 90,000 ಜನರಿಗೆ ಕೆಲಸ ಕೊಟ್ಟಿದ್ದ ಸ್ವಿಸ್ ಗಡಿಯಾರ ಉದ್ಯಮ ಎಂಬತ್ತರ ದಶಕದಲ್ಲಿ ಮೂರನೇ ಒಂದು ಪಾಲಿಗೆ ಕುಸಿಯಿತು.

ಎಚ್‌ಎಂಟಿಗೆ ಕ್ವಾರ್ಟ್ಸ್ ಗೊತ್ತಿರಲಿಲ್ಲ ಎನ್ನುವುದು ತಪ್ಪು. 1981ರಲ್ಲೇ ಅದು ಕ್ವಾರ್ಟ್ಸ್ ಗಡಿಯಾರ ತಂದಿತ್ತು. ಆದರೆ ಕಂಪನಿಯ ಜೀವ ಕೀಲಿ ಗಡಿಯಾರದಲ್ಲೇ ಉಳಿಯಿತು. ಕಾರ್ಖಾನೆಗಳು ಅದಕ್ಕಾಗಿಯೇ ಕಟ್ಟಿದವು, ಕೈಗಳು ಅದಕ್ಕಾಗಿಯೇ ಪಳಗಿದವು, ಗ್ರಾಹಕರೂ ಅದನ್ನೇ ಕೇಳುತ್ತಿದ್ದರು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ ಟೈಟನ್ ಕಟ್ಟಿದರು. 1987ರ ಹೊತ್ತಿಗೆ ಹೊಸೂರಿನಿಂದ ಕ್ವಾರ್ಟ್ಸ್ ಗಡಿಯಾರಗಳು ಚೆಂದದ ಶೋರೂಮುಗಳಿಗೆ ಬಂದವು. ಜಾಲಹಳ್ಳಿಯಿಂದ ಹೊಸೂರು ಐವತ್ತೇ ಕಿಲೋಮೀಟರ್. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿನಲ್ಲಿ ಆ ಗಡಿಯಾರಗಳನ್ನು ಇಂದು ಗಾಜಿನ ಹಿಂದೆ ನೋಡಬಹುದು. ಆ ಕಾರ್ಮಿಕರ ಕುಶಲತೆಯಲ್ಲಿ ಕೊರತೆ ಇರಲಿಲ್ಲ. ಹಳೆಯ ಜನತಾ ಗಡಿಯಾರಗಳು ಇಂದಿಗೂ ಸಂಗ್ರಹಕಾರರ ಕೈಯಲ್ಲಿ ಓಡುತ್ತಿವೆ. ದುಬಾರಿಯಾಗಿದ್ದಾಗ ‘ಬೇಡ’ ಎಂದದ್ದನ್ನು ಅಗ್ಗವಾದಾಗ ಮತ್ತೆ ಅದೇ ತುರ್ತಿನಿಂದ ಲೆಕ್ಕ ಹಾಕದೆ ಹೋದದ್ದೇ ಕೊರತೆ.

ಎಲ್‌ಇಡಿ ಬಲ್ಬಿನಲ್ಲೂ ಇದನ್ನೇ ಕಂಡಿದ್ದೇವೆ. ಮತ್ತಿಕೆರೆಯಿಂದ ಯಶವಂತಪುರ ದಾಟಿದರೆ ಹಳೆ ತುಮಕೂರು ರಸ್ತೆಯಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಜಾಗ ಸಿಗುತ್ತದೆ. 1936ರಲ್ಲಿ ಶುರುವಾಗಿ ತಂತಿ ಬಲ್ಬುಗಳನ್ನು ಮನೆಮನೆಗೆ ಕೊಟ್ಟ ಆ ಕಾರ್ಖಾನೆ 2003ರಲ್ಲಿ ನಿಂತಿತು. 2014ರಲ್ಲಿ ಸರ್ಕಾರಿ ಸಗಟು ಖರೀದಿಯಲ್ಲೇ ಒಂದು ಎಲ್‌ಇಡಿ ಬಲ್ಬಿಗೆ 310 ರೂಪಾಯಿ ಇತ್ತು. ಎರಡೇ ವರ್ಷದಲ್ಲಿ ಅದು 40 ರೂಪಾಯಿಯ ಆಸುಪಾಸಿಗೆ ಇಳಿಯಿತು. ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆಯಡಿ ಒಂಬತ್ತು ವ್ಯಾಟಿನ ಬಲ್ಬನ್ನು ನೂರು ರೂಪಾಯಿಗೆ ಹಂಚಿದರು. 2013ರಲ್ಲಿ ಎಲ್‌ಇಡಿ ಬೇಡವೆಂದವನೂ 2016ರಲ್ಲಿ ತಂದವನೂ ಒಬ್ಬನೇ ಆಗಿದ್ದರೆ ಅವನು ಎರಡು ಸಲವೂ ಸರಿ.

ಬಿಇಎಲ್ ಕಡೆಯಿಂದ ಬೇರೊಂದು ಬಗೆಯ ಪಾಠ ಸಿಗುತ್ತದೆ. ದೇಶದ ಮತಯಂತ್ರಗಳನ್ನು ತಯಾರಿಸುವ ಎರಡೇ ಸಂಸ್ಥೆಗಳಲ್ಲಿ ಅದೂ ಒಂದು, ಇನ್ನೊಂದು ಹೈದರಾಬಾದಿನ ಇಸಿಐಎಲ್. ಮತಯಂತ್ರದಲ್ಲಿ ಇಂಟರ್ನೆಟ್ ಇಲ್ಲ, ಬ್ಲೂಟೂತ್ ಇಲ್ಲ, ಟಚ್ ಸ್ಕ್ರೀನ್ ಇಲ್ಲ. ಕರೆಂಟಿಲ್ಲದ ಕಾಡಂಚಿನ ಮತಗಟ್ಟೆಯಲ್ಲೂ ಬ್ಯಾಟರಿಯಲ್ಲಿ ನಡೆಯುತ್ತದೆ. ಬೇಡವಾದುದನ್ನು ಬೇಕೆಂದೇ ಹೊರಗಿಟ್ಟ ವಿನ್ಯಾಸ ಅದು. ಹಾಗೆಂದು ಮೇಲ್ದರ್ಜೆಗೆ ಏರಲೇ ಇಲ್ಲ ಎಂದಲ್ಲ. 2006ರಿಂದ 2010ರ ನಡುವೆ ಕೊಂಡ ಎಂ-2 ಮಾದರಿಗೆ 8,670 ರೂಪಾಯಿ ಬಿದ್ದಿತ್ತು. ಅದರ ನಂತರದ ಎಂ-3 ಸುಮಾರು 17,000. ಹಳೆಯದರಲ್ಲಿ 64 ಹೆಸರು ಹಿಡಿಯುತ್ತಿತ್ತು, ಹೊಸದರಲ್ಲಿ 384. ಯಾವ ಕ್ಷೇತ್ರದಲ್ಲಿ ಅಷ್ಟು ಜನ ನಿಲ್ಲುತ್ತಾರೆ ಎಂದು ಕೇಳಬಹುದಿತ್ತು. 2019ರ ಲೋಕಸಭಾ ಚುನಾವಣೆಯಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಶಿನ ಮತ್ತು ಜೋಳದ ಬೆಲೆಗಾಗಿ ಪ್ರತಿಭಟಿಸಿ ರೈತರು ಗುಂಪಾಗಿ ನಾಮಪತ್ರ ಹಾಕಿದರು. ಕಣದಲ್ಲಿ 185 ಮಂದಿ. ಪ್ರತಿ ಮತಗಟ್ಟೆಯಲ್ಲಿ ಹನ್ನೆರಡು ಮತದಾನ ಘಟಕಗಳನ್ನು ಜೋಡಿಸಿ ಎಂ-3 ಯಂತ್ರದಲ್ಲೇ ಚುನಾವಣೆ ಮುಗಿಯಿತು.

ಒಂದು ಚುನಾವಣೆಯೂ ಕೆಡಬಾರದು ಎನ್ನುವ ಆಯೋಗಕ್ಕೆ ‘ಮುಂದೆ ಬೇಕಾಗಬಹುದು’ ಎಂದು ದುಪ್ಪಟ್ಟು ಕೊಡುವುದು ಕರ್ತವ್ಯ. ಆ ಮಾತನ್ನೇ ಇಂಜಿನಿಯರಿಂಗ್ ಸೀಟು ಸಿಕ್ಕ ಮಗನಿಗೆ ಲ್ಯಾಪ್‌ಟಾಪ್ ಕೊಡಿಸಲು ಬಂದ ತಂದೆಗೆ ಹೇಳಿ ನಲವತ್ತೈದು ಸಾವಿರದ ಜಾಗದಲ್ಲಿ ತೊಂಬತ್ತು ಸಾವಿರದ್ದನ್ನು ಕಟ್ಟಿಕೊಡುವುದು ಅನ್ಯಾಯ. ಮೊದಲೆರಡು ವರ್ಷದ ಕೋಡಿಂಗ್‌ಗೆ, ವರದಿ ಬರೆಯುವುದಕ್ಕೆ, ಪಾಠದ ವಿಡಿಯೋಗೆ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಮೂರನೇ ವರ್ಷದಲ್ಲಿ ಬೇಕಾದರೆ ಅಷ್ಟರೊಳಗೆ ಅದೇ ಬೆಲೆಗೆ ಇನ್ನೂ ಒಳ್ಳೆಯದು ಸಿಗುವ ಸಂಭವವೇ ಹೆಚ್ಚು. ಮೆಮೊರಿ ಮತ್ತು ಡಿಸ್ಕನ್ನು ಆಮೇಲೆ ಹೆಚ್ಚಿಸಲು ಬರುವ ಮಾದರಿಯೇ ಎಂದು ಮಾತ್ರ ಕೊಳ್ಳುವಾಗಲೇ ಕೇಳಬೇಕು, ಈಗ ಬಹಳಷ್ಟು ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದುಬಿಡುತ್ತಾರೆ. ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್ ಆದರೆ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋಗಿ ಎಸ್‌ಎಸ್‌ಡಿ ಹಾಕಿಸಿ ನೋಡಿ. ಹೊಸ ಯಂತ್ರದ ಬೆಲೆಯ ಸಣ್ಣ ಪಾಲಿನಲ್ಲಿ ವೇಗದ ಬಹುಪಾಲು ಸಿಕ್ಕಿಬಿಡುತ್ತದೆ. ಮೊಬೈಲಿಗೂ ಹೀಗೆಯೇ, ಬ್ಯಾಟರಿ ಬದಲಾಯಿಸಿದರೆ ಎಷ್ಟೋ ಫೋನುಗಳು ಮತ್ತೆರಡು ವರ್ಷ ಬರುತ್ತವೆ.

ಕೆಲವೊಮ್ಮೆ ನಮ್ಮ ಲೆಕ್ಕ ಏನೇ ಇರಲಿ, ಗಡುವು ಹೊರಗಿನಿಂದ ಬರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಚೆನ್ನಾಗಿ ನಡೆಯುತ್ತಿದ್ದ ಎಷ್ಟೋ ಕಂಪ್ಯೂಟರುಗಳು ವಿಂಡೋಸ್ 11ರ ಷರತ್ತಿಗೆ ಒಗ್ಗುವುದಿಲ್ಲ. ಆ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ಸುರಕ್ಷತೆಗೆ ಹಣ ಕೊಡಲೇಬೇಕು, ಇಲ್ಲವೇ ಲಿನಕ್ಸ್ ಹಾಕಿಸಿಕೊಳ್ಳಬೇಕು. ಕನ್ನಡ ಟೈಪಿಂಗ್ ಅದರಲ್ಲೂ ಸಲೀಸು. ಕ್ಯಾಮೆರಾ, ಬಣ್ಣ, ತೆಳುವಿಗೆ ಕೊಡುವ ಹಣಕ್ಕಿಂತ ಸುರಕ್ಷತಾ ಅಪ್‌ಡೇಟಿಗೆ ಕೊಡುವ ಹಣ ನನ್ನ ಮಟ್ಟಿಗೆ ಹೆಚ್ಚು ಸಾರ್ಥಕ.

ಕಂತಿನ ವಿಷಯ ಬಿಡುವಂತಿಲ್ಲ. ‘ತಿಂಗಳಿಗೆ ಬರೀ ಆರುನೂರು ಜಾಸ್ತಿ’ ಎಂದಾಗ ಹೆಚ್ಚಿನ ಬೆಲೆ ಕಣ್ಣಿಗೆ ಬೀಳುವುದೇ ಇಲ್ಲ. ಬಡ್ಡಿಯೇ ಇಲ್ಲದ ಕಂತು ಎನ್ನುವುದು ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿ ಸಂಸ್ಕರಣಾ ಶುಲ್ಕದಲ್ಲೋ ಕೈತಪ್ಪಿದ ರಿಯಾಯಿತಿಯಲ್ಲೋ ಸೇರಿರುತ್ತದೆ. ಪೂರ್ತಿ ನಗದು ಕೊಟ್ಟರೆ ಎಷ್ಟು ಎಂದು ಒಮ್ಮೆ ಕೇಳಿ, ಆಗ ಎರಡು ಮಾದರಿಗಳ ನಿಜವಾದ ಅಂತರ ಹೊರಬೀಳುತ್ತದೆ.

ಗ್ರಾಹಕರು ಶೋರೂಮಿಗೆ ಹೋಗುವಾಗ ಹಿಂದಿನ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲನ್ನು ಜೊತೆಗಿಟ್ಟುಕೊಳ್ಳಲಿ. ಗೃಹಜ್ಯೋತಿಯ ಅರ್ಹತಾ ಮಿತಿ ಆ ಬಿಲ್ಲಿನ ಮೇಲೇ ಇದೆ. ಬಿಇಇಗೆ ನನ್ನ ಕೋರಿಕೆ ಒಂದೇ. ವರ್ಷಕ್ಕೆ 1,600 ಗಂಟೆಯ ಮೊತ್ತದ ಪಕ್ಕದಲ್ಲಿ ಒಂದು ಗಂಟೆಗೆ ಎಷ್ಟು ಯೂನಿಟ್ ಎಂಬ ಸಂಖ್ಯೆಯನ್ನೂ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಕರ್ನಾಟಕದಲ್ಲಿ ಮಾರುವ ಯಂತ್ರಕ್ಕೆ ಅದನ್ನು ಕನ್ನಡದಲ್ಲಿ ಹಾಕಿಸಿ. ಉಳಿದ ಗುಣಾಕಾರವನ್ನು ಕಲಬುರಗಿಯವರೂ ಮತ್ತಿಕೆರೆಯವರೂ ತಾವೇ ಮಾಡಿಕೊಳ್ಳುತ್ತಾರೆ.